ನನ್ನ ಹೆಸರು ಹೇಳಿ

ಕಳೆದ ಕಾರ್ತಿಕದ ಒಂದು ಸಂಜೆ. ಹೊಸಿಲಿಗೆ ದೀಪ ಇಟ್ಟು ತಲೆಯೆತ್ತುವಷ್ಟರಲ್ಲಿ ಗೇಟಿನ ಚಿಲಕ ಸದ್ದಾಯಿತು. ಎದುರು ಮನೆಯ ಮಹಡಿಗೆ ಮೂರು ತಿಂಗಳ ಹಿಂದೆ ಬಾಡಿಗೆಗೆ ಬಂದ ಹುಡುಗಿ ನಿಂತಿದ್ದಳು, ಹೆಗಲ ಮೇಲೆ ಎಂಟು ತಿಂಗಳ ಮಗು. ಮಗುವಿನ ಕೆನ್ನೆ ಕೆಂಪಗೆ ಕಾದಿತ್ತು. ಅದು ಅಳುತ್ತಿರಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸುವಂತಿತ್ತು. "ಅಕ್ಕಾ, ಮಧ್ಯಾಹ್ನದಿಂದ ಜ್ವರ ಇಳಿದಿಲ್ಲ. ನಮ್ಮ ಮನೆಯವರು ರಾತ್ರಿ ಪಾಳಿಗೆ ಹೋಗಿದ್ದಾರೆ. ಇಲ್ಲಿ ಹತ್ತಿರದಲ್ಲಿ ಮಕ್ಕಳಿಗೆ ಯಾವ ಡಾಕ್ಟರು ಒಳ್ಳೆಯವರು?" ಎಂದು ಕೇಳಿದಳು. ನಾನು ಮೈಸೂರಿನ ಈ ಸರಸ್ವತಿಪುರಂಗೆ ಸೊಸೆಯಾಗಿ ಬಂದು ಹತ್ತೊಂಬತ್ತು ವರ್ಷ. ಬಾಯಿ ತೆರೆದೆ, ಒಂದು ಹೆಸರೂ ಬರಲಿಲ್ಲ. ನಮ್ಮ ಮಗನಿಗೆ ಈಗ ಹದಿನೇಳು, ಮಕ್ಕಳ ಡಾಕ್ಟರ ಮೆಟ್ಟಿಲು ಹತ್ತಿ ಎಷ್ಟೋ ಕಾಲವಾಯಿತು. ಕೈ ತಾನಾಗಿ ಮೊಬೈಲಿನ ಕಡೆ ಹೋಯಿತು. "ಇರು, ಇದರಲ್ಲಿ ನೋಡಿ ಹೇಳುತ್ತೇನೆ" ಎಂದೆ. ಅವಳು ತಲೆಯಾಡಿಸಿದಳು. "ಅದನ್ನು ನಾನೂ ನೋಡಿದೆ ಅಕ್ಕಾ. ಹದಿನಾಲ್ಕು ಹೆಸರು ಬಂದವು. ಅವರಲ್ಲಿ ಯಾರ ಹತ್ತಿರ ಹೋಗಲಿ ಎಂದು ಕೇಳುವುದಕ್ಕೇ ಬಂದೆ."

ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಆವತ್ತು ಅದಕ್ಕೆ ಉತ್ತರ ಕೊಟ್ಟವರು ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ನಮ್ಮ ಅತ್ತೆ. ಮಂಡಿ ನೋವಿನಿಂದ ಅವರು ಮನೆಯ ಹೊರಗೆ ಹೆಚ್ಚಾಗಿ ಹೋಗದೆ ಮೂರು ವರ್ಷವಾಗಿತ್ತು. "ಯಾರದು? ಮಗುವನ್ನು ಬಾಗಿಲಲ್ಲಿ ನಿಲ್ಲಿಸಿಕೊಳ್ಳಬೇಡ, ಒಳಗೆ ಕರಿ" ಎಂದರು. ಕುರ್ಚಿಯಲ್ಲಿ ಕೂತಲ್ಲಿಂದಲೇ ಮಗುವಿನ ಅಂಗಾಲು ಮುಟ್ಟಿ ನೋಡಿದರು. "ಕಾಲು ತಣ್ಣಗಿದೆ, ಜ್ವರ ಇನ್ನೂ ಏರುತ್ತಿದೆ" ಎಂದು ಹೇಳಿ, ಒಂದು ಕ್ಷಣವೂ ಯೋಚಿಸದೆ ದಾರಿ ಬಿಡಿಸಿದರು. ನೀರಿನ ಟ್ಯಾಂಕು ದಾಟಿದ ಮೇಲೆ ಎರಡನೇ ಅಡ್ಡರಸ್ತೆ, ಎಡಗಡೆ ಮೂರನೇ ಕಟ್ಟಡ, ಪಕ್ಕದಲ್ಲಿ ಸ್ಟೇಷನರಿ ಅಂಗಡಿ, ಡಾಕ್ಟರು ಬರುವುದು ಏಳೂವರೆಗೆ, ಮಗುವಿಗೆ ಜ್ವರ ಎಂದು ಚೀಟಿ ಬರೆಯುವ ಹೆಂಗಸಿಗೆ ಹೇಳಿದರೆ ಮೊದಲು ಒಳಗೆ ಬಿಡುತ್ತಾಳೆ. "ಸೂಜಿ ಚುಚ್ಚುವ ಆತುರದವರಲ್ಲ. ಮಗು ಅತ್ತರೆ ಸಿಡುಕುವುದಿಲ್ಲ. ಹೆದರಬೇಡಮ್ಮ. ನನ್ನ ಹೆಸರು ಹೇಳು." ಅವಳ ಭುಜ ಸಡಿಲವಾದದ್ದನ್ನು ಕಣ್ಣಾರೆ ಕಂಡೆ. ನಾನೂ ಜೊತೆಗೆ ಬರುತ್ತೇನೆ ಎಂದೆ. ಆಟೋ ಬಾಗಿಲಲ್ಲೇ ಇದೆ ಅಕ್ಕಾ ಎಂದು ಹೊರಟೇಬಿಟ್ಟಳು.

ಒಂಬತ್ತರ ಹೊತ್ತಿಗೆ ತಿರುಗಿ ಬಂದಳು. ಮಗು ನಿದ್ದೆ ಹೋಗಿತ್ತು. ಅತ್ತೆ ಹೇಳಿದ ಕಟ್ಟಡ ಇತ್ತಂತೆ, ಡಾಕ್ಟರು ಇರಲಿಲ್ಲ. ಚಿಕಿತ್ಸಾಲಯ ಇದ್ದ ಜಾಗದಲ್ಲಿ ಮೊಬೈಲಿನ ಕವರು, ಗಾಜು ಮಾರುವ ಅಂಗಡಿ. ಆ ಬೀದಿಯ ತುದಿಯ ಔಷಧಿ ಅಂಗಡಿಯವರು, ಡಾಕ್ಟರು ಎರಡು ವರ್ಷದ ಹಿಂದೆಯೇ ಮುಚ್ಚಿಕೊಂಡು ಮಗನ ಊರಿಗೆ ಹೋದರು ಎಂದು ತಿಳಿಸಿ, ಕುವೆಂಪುನಗರದ ಇನ್ನೊಬ್ಬ ಡಾಕ್ಟರ ಹೆಸರನ್ನು ಬಿಲ್ಲಿನ ಹಿಂದೆ ಬರೆದುಕೊಟ್ಟರಂತೆ. "ಗಾಬರಿ ಆಗುವಂಥದ್ದೇನಿಲ್ಲ ಎಂದರು ಅಮ್ಮಾ. ಮೂರು ದಿನ ಔಷಧಿ. ನೀವು ಕಾಯುತ್ತಿರುತ್ತೀರಿ ಎಂದು ಹೇಳಿ ಹೋಗೋಣ ಎಂದು ಬಂದೆ" ಎಂದಳು. ಅತ್ತೆ ಮಗುವಿನ ಅಂಗಾಲನ್ನು ಮತ್ತೆ ಮುಟ್ಟಿದರು. ಈಗ ಬೆಚ್ಚಗಿತ್ತು. ಅವಳು ಹೋದ ಮೇಲೆ ಅವರು ತುಂಬಾ ಹೊತ್ತು ಮಾತನಾಡಲಿಲ್ಲ. ಮಲಗುವ ಮುಂಚೆ ನನ್ನನ್ನು ಕೇಳಿದ್ದು ಒಂದೇ ಮಾತು: "ನೀನು ದಿನಾ ಆ ದಾರಿಯಲ್ಲೇ ಅಲ್ಲವೇ ಕೆಲಸಕ್ಕೆ ಹೋಗುವುದು?"

ಹೌದು, ಅದೇ ದಾರಿ. ಎರಡು ವರ್ಷದಿಂದ ದಿನಕ್ಕೆರಡು ಸಲ ಆ ಬಾಗಿಲ ಮುಂದೆ ಸ್ಕೂಟರಿನಲ್ಲಿ ಹಾದು ಹೋಗಿದ್ದೇನೆ. ನನ್ನ ಮಗನಿಗೆ ಎರಡು ವರ್ಷವಿದ್ದಾಗ ಅದೇ ಬಾಗಿಲ ಹೊರಗಿನ ಕಲ್ಲುಬೆಂಚಿನ ಮೇಲೆ ಅವನನ್ನು ಮಡಿಲಲ್ಲಿ ಮಲಗಿಸಿಕೊಂಡು ಸರದಿ ಕಾದಿದ್ದೇನೆ. ಬಾಗಿಲು ಮುಚ್ಚಿದ್ದು, ಫಲಕ ಇಳಿದದ್ದು, ಕಲ್ಲುಬೆಂಚು ಹೋದದ್ದು ಯಾವುದನ್ನೂ ನಾನು ನೋಡಲಿಲ್ಲ. ಕುರ್ಚಿಯಲ್ಲಿ ಕೂತ ಎಪ್ಪತ್ತಾರರ ಅತ್ತೆಯ ತಲೆಯಲ್ಲಿ ಒಂದು ಬಡಾವಣೆ ಇತ್ತು, ಅದು ಮೂರು ವರ್ಷ ಹಳೆಯದಾಗಿತ್ತು. ದಿನಾ ಓಡಾಡುವ ನನ್ನ ತಲೆಯಲ್ಲಿ ಬಡಾವಣೆಯೇ ಇರಲಿಲ್ಲ.

ಹೇಳಿದವರ ಪಾಲು

"ನನ್ನ ಹೆಸರು ಹೇಳು" ಎಂಬ ಮಾತನ್ನು ನಮ್ಮ ಊರಿನಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಸಂತೆಪೇಟೆಯ ಬೇಳೆ ಅಂಗಡಿಗೆ, ಶಿವರಾಂಪೇಟೆಯ ಗಡಿಯಾರ ರಿಪೇರಿಯವರಿಗೆ, ಚೌಲದ ಅಡುಗೆಯವರಿಗೆ, ನಲ್ಲಿ ಸರಿ ಮಾಡುವವರಿಗೆ, ಎಲ್ಲಕ್ಕೂ ದಾರಿ ಹೇಳಿ ಮುಗಿದ ಮೇಲೆ ಕೊನೆಗೆ ಈ ಮಾತು ಬಂದೇ ಬರುತ್ತದೆ. ಬಹಳ ಕಾಲ ನಾನು ಇದನ್ನು ದೊಡ್ಡಸ್ತಿಕೆಯ ಮಾತು ಎಂದುಕೊಂಡಿದ್ದೆ. ನನಗೆ ಅಲ್ಲಿ ಮರ್ಯಾದೆ ಇದೆ, ನಿನಗೆ ಎರಡು ರೂಪಾಯಿ ಕಡಿಮೆ ಮಾಡುತ್ತಾರೆ ಎಂಬಷ್ಟೇ ಅರ್ಥ ಎಂದು. ಆ ಮಾತಿಗೆ ಇನ್ನೊಂದು ಬದಿ ಇದೆ ಎಂದು ಗೊತ್ತಾದದ್ದು ನನ್ನ ಮದುವೆಯಾದ ಎರಡನೇ ವರ್ಷ, ಒಂದು ಬ್ಲೌಸಿನಿಂದ.

ನಮ್ಮ ಮನೆಯಿಂದ ಎರಡು ಮನೆ ಆಚೆಗಿನವರ ಮಗಳ ಮದುವೆ. ಧಾರೆಯ ಸೀರೆಯ ಬ್ಲೌಸು ಹೊಲಿಸಲು ಒಳ್ಳೆಯವರು ಯಾರೆಂದು ಕೇಳಿದಾಗ, ಅಗ್ರಹಾರದ ಕಡೆಯ ಒಬ್ಬ ಟೈಲರನ್ನು ಅತ್ತೆಯೇ ಹೇಳಿದ್ದರು. ಮದುವೆಗೆ ನಾಲ್ಕು ದಿನ ಇರುವಾಗ ಆ ಹುಡುಗಿ ಬ್ಲೌಸು ಹಾಕಿಕೊಂಡೇ ನಮ್ಮ ಮನೆಗೆ ಬಂದಳು, ಮೇಲೆ ದುಪಟ್ಟಾ ಹೊದ್ದು. ಕಣ್ಣಲ್ಲಿ ನೀರು. ಕಂಕುಳು ಬಿಗಿದು, ಕೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. "ಹಾರ ಹಾಕುವುದಕ್ಕೆ ಕೈ ಎತ್ತಲು ಆಗುವುದಿಲ್ಲ ಆಂಟಿ" ಎಂದಳು. ಅತ್ತೆ ಒಲೆ ಆರಿಸಿದರು, ಚಪ್ಪಲಿ ಮೆಟ್ಟಿದರು. ಸೀರೆಯನ್ನೂ ತೆಗೆದುಕೊಂಡು ಬಾ ಎಂದು ಅವಳಿಗೆ ಹೇಳಿದರು, ನೀನೂ ಬಾ ಎಂದು ನನಗೆ.

ಆ ಅಂಗಡಿ ಎಂಟು ಅಡಿ ಉದ್ದ, ಆರು ಅಡಿ ಅಗಲವಿದ್ದೀತು. ಟೈಲರು ಬ್ಲೌಸನ್ನು ಒಳಮಗ್ಗುಲು ತಿರುಗಿಸಿ ಹೊಲಿಗೆಯ ಮೇಲೆ ಬೆರಳು ಓಡಿಸಿದರು. ಬಿಚ್ಚಿ ಸಡಿಲ ಮಾಡೋಣವೆಂದರೆ ಒಳಗೆ ಕಾಲು ಇಂಚು ಬಟ್ಟೆಯೂ ಬಿಟ್ಟಿರಲಿಲ್ಲ, ಕೈಕೆಳಗಿನ ಹುಡುಗ ಅಂಚು ಕತ್ತರಿಸಿಬಿಟ್ಟಿದ್ದ. ಅವರ ಮುಖ ಬಿಳಿಚಿತು. "ಸೀರೆ ತಂದಿದ್ದೀರಾ ಅಮ್ಮಾವರೇ?" ಎಂದು ಕೇಳಿದರು. ಮಡಿಕೆ ಬಿಚ್ಚಿ, ಸೆರಗಲ್ಲದ ತುದಿಯನ್ನು, ಸೊಂಟಕ್ಕೆ ಸಿಕ್ಕಿಸಿದ ಮೇಲೆ ಯಾರ ಕಣ್ಣಿಗೂ ಬೀಳದ ಆ ತುದಿಯನ್ನು, ಮೇಜಿನ ಮೇಲೆ ಹಾಸಿದರು. ಸೀಮೆಸುಣ್ಣದಲ್ಲಿ ನಾಲ್ಕು ಬೆರಳಗಲ ಗುರುತು ಮಾಡಿದರು. ಕತ್ತರಿ ಆ ರೇಷ್ಮೆಯ ಮೇಲೆ ಹೋಗುವಾಗ ನಮ್ಮಲ್ಲಿ ಯಾರೂ ಉಸಿರು ಬಿಡಲಿಲ್ಲ. ಆ ಪಟ್ಟಿಯಿಂದ ವಜ್ರದ ಆಕಾರದ ಎರಡು ತುಂಡು ಮಾಡಿ ಎರಡೂ ಕಂಕುಳಿಗೆ ಕೂಡಿಸಿ ಹೊಲಿದರು. ಎರಡು ಗಂಟೆ ಹಿಡಿಯಿತು. ಅತ್ತೆ ಅಷ್ಟು ಹೊತ್ತೂ ಸ್ಟೂಲಿನ ಮೇಲೆ ಕೂತೇ ಇದ್ದರು. ಬೈಯಲಿಲ್ಲ, ಹೀಗೇಕೆ ಮಾಡಿದಿರಿ ಎಂದೂ ಕೇಳಲಿಲ್ಲ. ಹುಡುಗಿ ಪರದೆಯ ಹಿಂದೆ ಹೋಗಿ ಹಾಕಿಕೊಂಡು ಬಂದು, ಎದುರಿಗೆ ಯಾರೋ ನಿಂತಿದ್ದಾರೆ ಎಂಬಂತೆ ಎರಡೂ ಕೈ ಎತ್ತಿ ಹಾರ ಹಾಕಿ ತೋರಿಸಿದ ಮೇಲೆಯೇ ಅವರು ಎದ್ದದ್ದು.

ಟೈಲರು ಕಾಸು ಬೇಡವೇ ಬೇಡ ಎಂದರು. ಅತ್ತೆ ನೋಟನ್ನು ಕತ್ತರಿಯ ಕೆಳಗೆ ಇಟ್ಟು ಬಂದರು. ದಾರಿಯಲ್ಲಿ ನಾನು, ತಪ್ಪು ಅವರದಾದರೆ ನೀವೇಕೆ ಕೊಟ್ಟಿರಿ ಎಂದು ಕೇಳಿದೆ. "ಅವಳು ಅಲ್ಲಿಗೆ ಹೋದದ್ದು ಅವರನ್ನು ಕಂಡು ನಂಬಿ ಏನು? ನನ್ನ ಮಾತು ನಂಬಿ ಹೋದದ್ದು. ಹೇಳಿದ ಮೇಲೆ ಅದರಲ್ಲಿ ನನ್ನದೂ ಒಂದು ಪಾಲು" ಎಂದರು. ಆಮೇಲೆ ನನಗೆ ಇನ್ನೂ ಹೆಚ್ಚು ಬೆರಗು ತಂದದ್ದು, ಅವರು ಆ ಟೈಲರ ಹೆಸರು ಹೇಳುವುದನ್ನು ನಿಲ್ಲಿಸಲಿಲ್ಲ. ಹೇಳುವ ರೀತಿ ಮಾತ್ರ ಬದಲಾಯಿತು. "ಕೈ ಚೆನ್ನಾಗಿದೆ. ಮದುವೆ ತಿಂಗಳಲ್ಲಿ ಕೊಡಬೇಡಿ, ಆಗ ಕೆಲಸ ಹುಡುಗರ ಕೈಗೆ ಹೋಗುತ್ತದೆ. ಒಳಗೆ ಒಂದು ಇಂಚು ಬಿಡಿ ಎಂದು ಬಾಯಿಬಿಟ್ಟು ಹೇಳಿ." ಒಂದು ತಪ್ಪಿನಿಂದ ಆ ಶಿಫಾರಸು ಹೆಚ್ಚು ನಿಖರವಾಯಿತು. ಮೊದಲು ಬರೀ ಒಂದು ಹೆಸರಾಗಿದ್ದದ್ದು ಈಗ ಆ ಮನುಷ್ಯನ ಬಗೆಗಿನ ತಿಳಿವಳಿಕೆಯಾಗಿತ್ತು.

ಮೊಬೈಲಿನಲ್ಲಿ ಕಾಣುವ ನಕ್ಷತ್ರಗಳನ್ನು ನಾನು ತಳ್ಳಿಹಾಕುವವಳಲ್ಲ. ಅಂಗಡಿ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ, ದಾರಿ ಎಲ್ಲಿ ತಿರುಗುತ್ತದೆ ಎಂಬುದಕ್ಕೆ ದಿನಕ್ಕೆ ಹತ್ತು ಸಲ ನೋಡುತ್ತೇನೆ. ಪರಊರಿನಲ್ಲಿ ಅದೇ ಕಣ್ಣು. ಆದರೂ ನಾಲ್ಕು ನಕ್ಷತ್ರ ಕೊಟ್ಟ ಮುನ್ನೂರು ಜನರಲ್ಲಿ ಒಬ್ಬರೂ, ನಾನು ಅಲ್ಲಿ ಹೋಗಿ ಕೆಟ್ಟರೆ ಚಪ್ಪಲಿ ಮೆಟ್ಟಿಕೊಂಡು ನನ್ನ ಜೊತೆ ಬರುವವರಲ್ಲ. ಮಗುವಿಗೆ ಜ್ವರ ಬಂದ ಸಂಜೆ ಎದುರು ಮನೆಯ ಹುಡುಗಿಗೆ ಬೇಕಾಗಿದ್ದದ್ದು ಹದಿನೈದನೆಯ ಹೆಸರಾಗಿರಲಿಲ್ಲ. ತನ್ನ ಜೊತೆ ಆ ನಿರ್ಧಾರದ ಭಾರ ಹೊರುವ ಒಬ್ಬರು ಬೇಕಾಗಿತ್ತು. ಡಾಕ್ಟರೇ ಇಲ್ಲದ ವಿಳಾಸಕ್ಕೆ ಕಳಿಸಿದ ಮೇಲೂ ಅವಳು ನಮ್ಮ ಮನೆಗೇ ತಿರುಗಿ ಬಂದಳಲ್ಲ, ಅದಕ್ಕೆ ಕಾರಣ ಇದೇ ಇರಬೇಕು.

ಅತ್ತೆಯ ಡೈರಿ

ಅತ್ತೆಯ ಹತ್ತಿರ ಒಂದು ಡೈರಿ ಇದೆ. ರಟ್ಟು ಕಿತ್ತುಬಂದು ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯ ಹೊದಿಕೆ ಹಾಕಿದ್ದಾರೆ. ಮೊದಲ ಪುಟಗಳಲ್ಲಿ ಆರಂಕಿಯ ದೂರವಾಣಿ ಸಂಖ್ಯೆಗಳು, ಪ್ರತಿಯೊಂದರ ಮುಂದೆಯೂ ಬೇರೆ ಶಾಯಿಯಲ್ಲಿ ಆಮೇಲೆ ಸೇರಿಸಿದ ಒಂದು 2. ಮೈಸೂರಿನ ಸಂಖ್ಯೆಗಳು ಏಳಂಕಿಗೆ ಏರಿದಾಗ ಒಂದು ಮಧ್ಯಾಹ್ನ ಪೂರ್ತಿ ಕೂತು ಆ ಎರಡನ್ನು ಸೇರಿಸಿದರಂತೆ. ಅದರಲ್ಲಿ ಅಕಾರಾದಿ ಇಲ್ಲ, ವ್ಯಕ್ತಿಗಳ ಹೆಸರು ಮೊದಲು ಬರುವುದೂ ಇಲ್ಲ. ಕೆಲಸ ಮೊದಲು, ಆಮೇಲೆ ಹೆಸರು, ಆಮೇಲೆ ಒಂದು ಸಾಲು ಟಿಪ್ಪಣಿ. ಕಾಫಿ ಪುಡಿ: ಎಂಬತ್ತಕ್ಕೆ ಇಪ್ಪತ್ತು ಚಿಕೋರಿ, ಕಣ್ಣೆದುರಿಗೇ ಪುಡಿ ಮಾಡಿಸಬೇಕು. ಬಡಗಿ: ಮುಂಗಡ ಅರ್ಧಕ್ಕಿಂತ ಹೆಚ್ಚು ಬೇಡ, ಕೆಲಸ ಚೊಕ್ಕ. ತಿಥಿ ಅಡುಗೆ: ಮಾತು ಕಡಿಮೆ, ಉಪ್ಪು ಸ್ವಲ್ಪ ಮುಂದು. ಸತ್ತವರ ಹೆಸರನ್ನು ಅವರು ಹೊಡೆದುಹಾಕುವುದಿಲ್ಲ, ಪಕ್ಕದಲ್ಲಿ ಪೆನ್ಸಿಲಿನ ಒಂದು ಸಣ್ಣ ಗೆರೆ ಎಳೆಯುತ್ತಾರೆ. ಗೆರೆಗಳು ಈಗ ಬಹಳವಾಗಿವೆ.

ಹಿಟ್ಟಿನ ಗಿರಣಿಯ ಟಿಪ್ಪಣಿ ಅರ್ಧ ಪುಟದಷ್ಟಿದೆ. ಅದನ್ನು ಓದಿದಾಗ, ಒಂದು ಬಡಾವಣೆ ಗೊತ್ತಿರುವುದು ಎಂದರೇನು ಎಂಬುದು ನನಗೆ ಸ್ಪಷ್ಟವಾಯಿತು. ಗಿರಣಿಗೆ ಎಷ್ಟು ಹೊತ್ತಿಗೆ ಹೋಗಬೇಕು ಎಂಬುದು ಅಲ್ಲಿ ಹಿಂದಿನವರು ಏನು ಬೀಸಿಸಿದರು ಎಂಬುದರ ಮೇಲೆ ನಿಂತಿದೆ. ರಾಗಿ ಬೀಸಿದ ಕಲ್ಲಿಗೆ ಹಿಂದೆಯೇ ಅಕ್ಕಿ ಹಾಕಿದರೆ ಮೊದಲ ಬೊಗಸೆ ಹಿಟ್ಟು ಬೂದು ಬಣ್ಣಕ್ಕೆ ಬರುತ್ತದೆ. ಆದ್ದರಿಂದ ಅಕ್ಕಿ ಇದ್ದ ದಿನ ಬಾಗಿಲು ತೆರೆಯುವ ಹೊತ್ತಿಗೇ ಹೋಗಬೇಕು, ಗೋಧಿಯಾದರೆ ಹತ್ತರ ಮೇಲೆ ಹೋದರೂ ನಡೆಯುತ್ತದೆ. ಸಾರಿನ ಪುಡಿಗೆ ಬೇರೆ ಯಂತ್ರ ಇದ್ದರೂ ಮೆಣಸಿನಕಾಯಿಯ ಘಾಟು ಹಬ್ಬುವುದರಿಂದ ಮಕ್ಕಳನ್ನು ಕರೆದೊಯ್ಯಬಾರದು. ಹಿಟ್ಟು ಬಿಸಿಯಾಗಿರುವಾಗ ಡಬ್ಬದ ಮುಚ್ಚಳ ಹಾಕಬಾರದು, ಬೆವರಿ ಗಂಟಾಗುತ್ತದೆ. ಗಿರಣಿಯ ವಿಳಾಸ ಯಾರ ಮೊಬೈಲಿನಲ್ಲಾದರೂ ಇದೆ. ಈ ಅರ್ಧ ಪುಟ ಎಷ್ಟೋ ವರ್ಷ ಅಕ್ಕಿ ಹೊತ್ತು ನಡೆದವರಿಗೆ ಮಾತ್ರ ಬರುವಂಥದ್ದು.

ಊರನ್ನು ರೂಪಿಸಿದವರು ಈ ಲೆಕ್ಕದವರಾಗಿರಲಿಲ್ಲ. ನಗರಾಭಿವೃದ್ಧಿಗೆಂದೇ ಒಂದು ವಿಶ್ವಸ್ತ ಮಂಡಳಿಯನ್ನು 1903ರಲ್ಲಿ ಸ್ಥಾಪಿಸಿದ ಊರು ನಮ್ಮದು. ಹೊಸ ಬಡಾವಣೆಗಳಿಗೆ ಅಂದವಾದ ಉದ್ದ ರಸ್ತೆ, ಅಡ್ಡರಸ್ತೆ, ಕ್ರಮಸಂಖ್ಯೆ ಎಲ್ಲವೂ ಇವೆ. ಆದರೆ ಸರಸ್ವತಿಪುರಂನಲ್ಲಿ ಇಷ್ಟನೇ ಮೇನು, ಇಷ್ಟನೇ ಕ್ರಾಸು ಎಂದು ಅತ್ತೆ ದಾರಿ ಹೇಳಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಅಗ್ನಿಶಾಮಕ ಠಾಣೆ, ಈಜುಕೊಳ, ನೀರಿನ ಟ್ಯಾಂಕು, ಕುಕ್ಕರಹಳ್ಳಿ ಕೆರೆಯ ಗೇಟು, ಇಸ್ತ್ರಿ ಗಾಡಿ ನಿಲ್ಲುವ ಹೊಂಗೆ ಮರ, ಇವು ಅವರ ಗುರುತುಗಳು. ಹೊಂಗೆ ಮರ ಕಡಿದು ಆರು ವರ್ಷವಾಯಿತು. ಹೊಂಗೆ ಮರದ ಹತ್ತಿರ ಎಂದೇ ಈಗಲೂ ಹೇಳುತ್ತಾರೆ, ಹಳಬರಿಗೆ ಅರ್ಥವೂ ಆಗುತ್ತದೆ.

ಬಾಗಿಲು ಮುಚ್ಚುವ ಹೆಸರು

ಇಷ್ಟು ಬರೆದು ಸುಮ್ಮನಾದರೆ ನಾನು ಪ್ರಾಮಾಣಿಕಳಾಗುವುದಿಲ್ಲ. ಡೈರಿಯ ಹಳೆಯ ಪುಟಗಳನ್ನು ತಿರುಗಿಸುತ್ತಾ ಹೋದರೆ ಒಂದು ಪದ ಮತ್ತೆ ಮತ್ತೆ ಸಿಗುತ್ತದೆ: "ನಮ್ಮವರು". ಅಡುಗೆಯವರು ನಮ್ಮವರು, ಡಾಕ್ಟರು ನಮ್ಮವರು, ಮನೆ ಬಾಡಿಗೆಗೆ ಕೇಳಿದವರು ನಮ್ಮವರು. ಹೆಸರು ಹೇಳಿ ಬಾಗಿಲು ತೆರೆಸುವ ಊರಿನಲ್ಲಿ, ಹೇಳಲು ಯಾರ ಹೆಸರೂ ಇಲ್ಲದವರು ಹೊರಗೇ ನಿಲ್ಲುತ್ತಾರೆ. ಎದುರು ಮನೆಯ ಹುಡುಗಿ ರಾಯಚೂರಿನ ಕಡೆಯವಳು. ಗಂಡನಿಗೆ ಇಲ್ಲಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕಿ ಬಂದವರು ಹನ್ನೊಂದು ಮನೆ ನೋಡಿದರಂತೆ. ಬಾಡಿಗೆ ಎಷ್ಟು ಕೊಡುತ್ತೀರಿ ಎಂಬ ಮಾತು ಬರುವ ಮೊದಲೇ "ನೀವು ಯಾವ ಜನ?" ಎಂಬ ಪ್ರಶ್ನೆ ಬಂದ ಮನೆಗಳೇ ಹೆಚ್ಚು. ಒಂದು ಕಡೆ ಮನೆ ಆಗಲೇ ಹೋಯಿತು ಎಂದರಂತೆ. ಮರುವಾರವೂ ಗೇಟಿಗೆ ಬಾಡಿಗೆಯ ಫಲಕ ತೂಗುತ್ತಿತ್ತು. ಇದನ್ನು ಅವಳು ಅತ್ತೆಯ ಮುಂದೆ ಹೇಳಿದ ದಿನ ನಾನು ಅಡುಗೆಮನೆಯಲ್ಲಿದ್ದೆ. ಅತ್ತೆ ಉತ್ತರ ಕೊಡಲಿಲ್ಲ. ನಮ್ಮ ಮನೆಯ ಮಹಡಿ ಖಾಲಿ ಇದ್ದ ಕಾಲದಲ್ಲಿ ನಮ್ಮ ಮಾವನವರೂ ಅದೇ ಪ್ರಶ್ನೆ ಕೇಳಿದ್ದರು ಎಂಬುದು ನನಗೆ ಗೊತ್ತು, ಅವರಿಗೂ ಗೊತ್ತು.

ಈ ಒಂದು ವಿಷಯದಲ್ಲಿ ಮೊಬೈಲು ನಮಗಿಂತ ಮೇಲು ಎಂದು ನಾನು ಒಪ್ಪುತ್ತೇನೆ. ಅದು ಕೇಳಿದವರ ಜಾತಿ ನೋಡಿ ಉತ್ತರ ಬದಲಿಸುವುದಿಲ್ಲ. ಸರ್ಕಾರಿ ಚೆಲುವಾಂಬ ಆಸ್ಪತ್ರೆಯ ಬಾಗಿಲೂ ಹಾಗೆಯೇ, ಯಾರ ಹೆಸರೂ ಹೇಳದೆ ಮಗುವನ್ನು ಎತ್ತಿಕೊಂಡು ಹೋಗಬಹುದು, ಮೈಸೂರು ಸುತ್ತಮುತ್ತಲಿನ ಹಳ್ಳಿಗಳ ಎಷ್ಟು ತಾಯಂದಿರು ಹೋಗುತ್ತಾರೆ. ಹಾಗಾದರೆ ಹೆಸರು ಹೇಳುವ ಪದ್ಧತಿಯೇ ಬೇಡವೇ? ನನಗೆ ಹಾಗೆನ್ನಿಸುವುದಿಲ್ಲ. ಕೆಟ್ಟದ್ದು "ನಮ್ಮವರು" ಎಂಬ ಪದಕ್ಕೆ ಹಾಕಿದ ಬೇಲಿ. ಅದನ್ನು ಕಿತ್ತರೆ ಉಳಿಯುವ ಹೊಣೆಗಾರಿಕೆ ಬಹಳ ಒಳ್ಳೆಯ ವಸ್ತು. ಡೈರಿಯ ಈಚಿನ ಪುಟಗಳಲ್ಲಿ ಆ ಪದ ಕಡಿಮೆಯಾಗಿದೆ. ಮಂಡಿಗೆ ಎಣ್ಣೆ ಕೊಡುವ ಮಂಡಿ ಮೊಹಲ್ಲಾದ ಹಕೀಮರ ಹೆಸರಿದೆ, ಬಿದ್ದ ದಿನ ಅತ್ತೆಯನ್ನು ಎತ್ತಿ ಕೂರಿಸಿ ಆಸ್ಪತ್ರೆಗೆ ಕರೆದೊಯ್ದ ಆಟೋದವರ ಹೆಸರಿದೆ. ಟಿಪ್ಪಣಿಯ ಜಾಗದಲ್ಲಿ "ಒಳ್ಳೆಯವರು" ಎಂದಷ್ಟೇ ಇದೆ.

ಒಂದು ಸುತ್ತು

ಜ್ವರದ ಸಂಜೆಯ ಮಾರನೆಯ ಭಾನುವಾರ ಅತ್ತೆ ಸೀರೆ ಉಟ್ಟು ತಯಾರಾಗಿ ಕೂತಿದ್ದರು. ಅದೇ ಆಟೋದವರನ್ನು ಕರೆ, ಒಂದು ಸುತ್ತು ಹೋಗಬೇಕು ಎಂದರು. ಕೈಯಲ್ಲಿ ಡೈರಿ, ಪೆನ್ಸಿಲು. ನಾನು ಪಕ್ಕದಲ್ಲಿ ಕೂತೆ. ಆಟೋ ಪ್ರತಿ ತಿರುವಿನಲ್ಲಿಯೂ ನಿಧಾನ ಮಾಡಬೇಕಾಯಿತು. ಗಡಿಯಾರದವರು ಇದ್ದಾರೆ. ಬಡಗಿಯ ಅಂಗಡಿ ಹೋಗಿದೆ, ಅಲ್ಲಿ ಕಾಂಕ್ರೀಟು ಕಂಬ ಎದ್ದಿದೆ. ಗಿರಣಿ ಇದೆ, ಈಗ ಮಗ ನಡೆಸುತ್ತಾನೆ, ಸಂಜೆ ಬಾಗಿಲು ಬೇಗ ಹಾಕುತ್ತಾನೆ. ಅಗ್ರಹಾರದ ಟೈಲರು ಕಣ್ಣಿನ ಪೊರೆ ತೆಗೆಸಿಕೊಂಡು ಈಗ ಬರೀ ಅಳತೆ ಹಿಡಿಯುತ್ತಾರೆ, ಹೊಲಿಯುವವನು ಅಂದು ಅಂಚು ಕತ್ತರಿಸಿದ ಅದೇ ಹುಡುಗ, ಅವನಿಗೂ ಈಗ ಕೂದಲು ನರೆತಿದೆ. ಅತ್ತೆ ಆಟೋದಲ್ಲಿ ಕೂತೇ ಅವರೆಲ್ಲರ ಜೊತೆ ಮಾತನಾಡಿದರು. ಕೊನೆಗೆ ಔಷಧಿ ಅಂಗಡಿಯ ಮುಂದೆ ನಿಲ್ಲಿಸಿ, ಮಗುವಿಗೆ ದಾರಿ ತೋರಿಸಿದವರು ನೀವೇ ಏನಪ್ಪ ಎಂದು ಕೇಳಿ, ಕುವೆಂಪುನಗರದ ಡಾಕ್ಟರ ಹೆಸರು, ಸಮಯ, ವಾರದ ರಜೆ ಎಲ್ಲ ಬರೆದುಕೊಂಡರು.

ಆಮೇಲೆ ಮಾರ್ಕೆಟ್ಟಿಗೆ. ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿದಾಗಲೂ, ಅದಕ್ಕೂ ಮುಂಚೆ 2012ರಲ್ಲಿ ಎದುರಿನ ಲ್ಯಾನ್ಸ್‌ಡೌನ್ ಕಟ್ಟಡ ಬಿದ್ದು ಜೀವಗಳು ಹೋದಾಗಲೂ ಅತ್ತೆ ವಾರಗಟ್ಟಲೆ ಫೋನಿನ ಮುಂದೆ ಕೂತು, ಯಾವ ಅಂಗಡಿಯವರು ಎಲ್ಲಿಗೆ ಹೋದರು ಎಂದು ವಿಚಾರಿಸುತ್ತಿದ್ದುದು ನನಗೆ ನೆನಪಿದೆ. ಲ್ಯಾನ್ಸ್‌ಡೌನ್‌ನ ಹಳೆಯ ಪುಸ್ತಕದ ಅಂಗಡಿಗಳು ಮಾವನವರ ಪ್ರಾಣವಾಗಿದ್ದವು. ಈ ಸಲ ಮಂಡಿ ಒಪ್ಪದ ಕಾರಣ ಅತ್ತೆ ಚಿಕ್ಕ ಗಡಿಯಾರದ ಗೋಪುರದ ಹತ್ತಿರ ಆಟೋದಲ್ಲೇ ಉಳಿದರು. ತಾವೇ ಹೆಣೆದ ನೀಲಿ ಬಿಳಿ ವಯರಿನ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, ವೀಳ್ಯದೆಲೆ ತೆಗೆದುಕೊಳ್ಳುವಾಗ ತೊಟ್ಟು ಮುರಿದು ನೋಡು, ಪಟ್ಟೆಂದು ಮುರಿದರೆ ಹೊಸದು ಎಂದು ಹೇಳಿ ಕಳಿಸಿದರು.

ಎಲೆಯ ಸಾಲಿನಲ್ಲಿ ನಾನು ತಡಕಾಡುತ್ತಿದ್ದೆ. ಯಾರೆಂದು ಗೊತ್ತಿಲ್ಲ, ಹೆಸರು ಹೇಳೋಣವೆಂದರೆ ಯಾರಿಗೆ ಹೇಳಲಿ? ಅಷ್ಟರಲ್ಲಿ ಒಬ್ಬ ವಯಸ್ಸಾದವರು ಕೈ ತೋರಿಸಿ ಕರೆದರು. ನೋಡುತ್ತಿದ್ದದ್ದು ನನ್ನ ಮುಖವನ್ನಲ್ಲ, ಬುಟ್ಟಿಯನ್ನು. "ಅಮ್ಮಾವರು ಎಲ್ಲಿ? ಚೆನ್ನಾಗಿದ್ದಾರಾ?" ಎಂದು ಕೇಳುವಾಗ ಅವರ ದನಿಯಲ್ಲಿ ಅಳುಕಿತ್ತು. ಹೊರಗೆ ಆಟೋದಲ್ಲಿದ್ದಾರೆ ಎಂದ ತಕ್ಷಣ ಪಕ್ಕದವರಿಗೆ ನೋಡಿಕೊಳ್ಳಿ ಎಂದು ಹೇಳಿ, ಎಲೆಯ ಕಟ್ಟೊಂದನ್ನು ಒದ್ದೆ ಬಟ್ಟೆಯ ಕೆಳಗಿನಿಂದ ತೆಗೆದು ನನ್ನ ಮುಂದೆ ನಡೆದರು. ಮೈಸೂರು ವೀಳ್ಯದೆಲೆಗೆ, ಮೈಸೂರು ಮಲ್ಲಿಗೆಗೆ, ನಂಜನಗೂಡಿನ ರಸಬಾಳೆಗೆ ಭೌಗೋಳಿಕ ಗುರುತಿನ ಮನ್ನಣೆ ಇದೆ. ಅದೂ ಒಂದು ಬಗೆಯಲ್ಲಿ ನನ್ನ ಹೆಸರು ಹೇಳಿ ಎಂದಂತೆಯೇ, ಊರು ತನ್ನ ಹೆಸರನ್ನು ಒತ್ತೆ ಇಟ್ಟು ಕೊಡುವ ಮಾತು. ಆ ಹಿರಿಯರು ಆಟೋದ ಪಕ್ಕ ನಿಂತು ಎಲೆಯನ್ನು ಅತ್ತೆಯ ಮಡಿಲಿಗೆ ಹಾಕಿದರು. ಮೂರು ವರ್ಷದ ಸುದ್ದಿಯನ್ನು ಇಬ್ಬರೂ ಸಂಚಾರದ ಗದ್ದಲದ ನಡುವೆ ಐದು ನಿಮಿಷದಲ್ಲಿ ಹೇಳಿಕೊಂಡರು. ಅತ್ತೆ ಅವರಿಗೆ ನನ್ನನ್ನು ತೋರಿಸಿ, "ಇನ್ನು ಮುಂದೆ ಇವಳು ಬರುತ್ತಾಳೆ" ಎಂದರು.

ಆ ರಾತ್ರಿ ಡೈರಿಯ ಹೊಸ ಪುಟದಲ್ಲಿ ಮಕ್ಕಳ ಡಾಕ್ಟರು ಎಂದು ಬರೆದು, ಪೆನ್ನನ್ನು ನನ್ನ ಕಡೆ ಚಾಚಿದರು. ಟಿಪ್ಪಣಿಯನ್ನು ನಾನು ಬರೆಯಬೇಕಂತೆ. ಅದಕ್ಕೆ ನಾನು ಎದುರು ಮನೆಗೆ ಹೋಗಿ, ಡಾಕ್ಟರು ಹೇಗೆ ನೋಡಿದರು, ಎಷ್ಟು ಹೊತ್ತು ಕಾಯಿಸಿದರು ಎಂದು ಕೇಳಿಕೊಂಡು ಬರಬೇಕಾಯಿತು. ಆ ಹುಡುಗಿ ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಸಿ, ಮರುದಿನ ಸಂಜೆ ಅತ್ತೆಯ ಪಕ್ಕ ಕೂತು ತಾನೇ ಒಂದು ವಿಳಾಸ ಬರೆಸಿದಳು. ಟಿ.ಕೆ. ಬಡಾವಣೆಯಲ್ಲಿ ತನ್ನ ಕಡೆಯವರೊಬ್ಬರು ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಕೊಡುತ್ತಾರೆ, ಮೂರೇ ತಿಂಗಳಲ್ಲಿ ಹುಡುಕಿಕೊಂಡಿದ್ದೇನೆ, ಅಮ್ಮನಿಗೆ ಖಡಕ್ ರೊಟ್ಟಿ ಹಲ್ಲಿಗೆ ಆಗುವುದಿಲ್ಲ, ಮೆತ್ತಗಿನದು ಬೇಕೆಂದು ಹಿಂದಿನ ದಿನವೇ ಹೇಳಬೇಕು, ಹನ್ನೆರಡರೊಳಗೆ ಹೋಗಬೇಕು. ಅತ್ತೆ ಎಲ್ಲವನ್ನೂ ಅದೇ ಕ್ರಮದಲ್ಲಿ ಬರೆದುಕೊಂಡರು. "ಯಾರು ಹೇಳಿದರು ಎಂದು ಹೇಳಲಿ?" ಎಂದು ಕೇಳಿದರು. "ನನ್ನ ಹೆಸರೇ ಹೇಳಿ ಅಮ್ಮಾ" ಎಂದಳು ಅವಳು.

ಮುಂದಿನ ಶನಿವಾರ ನಾನೇ ಹೋದೆ. ಕಿರಿದಾದ ಮೆಟ್ಟಿಲು, ಮೇಲಿನಿಂದ ಕೇಳುವ ರೊಟ್ಟಿ ಬಡಿಯುವ ಸದ್ದು, ಸುಟ್ಟ ಜೋಳದ ವಾಸನೆ. ಬಾಗಿಲಿಗೆ ಬಂದ ಹೆಂಗಸಿನ ಅಂಗೈ ಹಿಟ್ಟಾಗಿತ್ತು. ಹೊಸಬರಿಗೆ ಕೊಡುವಷ್ಟು ಇವತ್ತು ಇಲ್ಲ, ದಿನದ ಗಿರಾಕಿಗಳಿಗೇ ಸಾಲದು ಎಂದು ನಯವಾಗಿ ಹೇಳಿ, "ನಿಮಗೆ ಯಾರು ಹೇಳಿದರು?" ಎಂದು ಕೇಳಿದರು. ಎದುರು ಮನೆಯ ಮಹಡಿಯ ಹುಡುಗಿ ಎಂದೆ. ಯಾವ ಹುಡುಗಿ ಎಂದರು. ರಾಯಚೂರಿನ ಕಡೆಯವಳು, ಸಣ್ಣ ಮಗು ಇದೆ ಎಂದೆ. ನಮ್ಮ ಕಡೆಯವರು ಇಲ್ಲಿ ಬಹಳ ಜನ ಇದ್ದಾರಲ್ಲ, ಹೆಸರೇನು ಎಂದರು.

ನಾಲ್ಕು ತಿಂಗಳಿಗೆ ಹತ್ತಿರವಾಗಿತ್ತು. ಅವಳ ಮಗುವಿನ ಜ್ವರ ನನಗೆ ಗೊತ್ತು, ನೋಡಿದ ಹನ್ನೊಂದು ಮನೆ ಗೊತ್ತು, ಗಂಡನ ಪಾಳಿ ಗೊತ್ತು. ಆ ಬಾಗಿಲಲ್ಲಿ ನಿಂತು ಮೊಬೈಲು ತೆಗೆದು ಮನೆಗೆ ಕರೆ ಮಾಡಿದೆ. ಅತ್ತೆ ಮೊದಲ ಸಲಕ್ಕೇ ಎತ್ತಿದರು. ಹೆಸರು ಹೇಳಿದರು, ಮಗುವಿನ ಹೆಸರನ್ನೂ ಹೇಳಿದರು, ತವರಿನ ಹಳ್ಳಿಯ ಹೆಸರನ್ನೂ ಹೇಳಿದರು. ನಾನು ಒಂದೊಂದನ್ನೂ ಆ ಹೆಂಗಸಿಗೆ ಒಪ್ಪಿಸಿದೆ. ಅವರು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಾಗಿಲು ಪೂರ್ತಿ ತೆರೆದರು. "ಆಕೆಯಾ? ಒಳಗೆ ಬನ್ನಿ. ಎಷ್ಟು ಬೇಕು?"